ಅಳದ ಕೂಸಿನ ಉಗುರು

ಎಪ್ಪತ್ತರ ದಶಕದ ಮಧ್ಯದಲ್ಲಿ, ಸುಗ್ಗಿಯ ಒಂದು ಮುಂಜಾನೆ, ದೇವರ ಹಿಪ್ಪರಗಿ ರಸ್ತೆಯಲ್ಲಿ ಜೋಳದ ಕಣಿಕೆ ಹೇರಿದ್ದ ಚಕ್ಕಡಿ ಮಗುಚಿ ಅಣ್ಣ-ತಂಗಿ ಗಾಯಗೊಂಡರು. ಅವರನ್ನು ಸಮೀಪದ ಸರ್ಕಾರಿ ದವಾಖಾನೆಗೆ ತಂದಾಗ, ಪತ್ರಿಕೆಯ ವರದಿಗಾರನಾಗಿ ನಾನು ಅಲ್ಲಿದ್ದೆ.

ಅಲ್ಲಿನ ನರ್ಸಬಾಯಿಯ ಬಲಗೈ ಹೆಬ್ಬೆರಳು ಅಯೋಡಿನ್ ಕಲೆಯಿಂದ ಕಂದಾಗಿತ್ತು. ಪೆಟ್ಟಾದ ಮಗು ಬಂದರೆ, ಹೆಸರು ಬರೆಯುವ ಮೊದಲೇ ಆ ಬೆರಳಿನಿಂದ ಅದರ ಉಗುರನ್ನು ಒತ್ತಿ ಬಿಟ್ಟು, ಬಿಳಿಚಿದ ಉಗುರು ಮತ್ತೆ ಕೆಂಪಾಗುವವರೆಗೆ ಬಾಯಲ್ಲೇ ಎಣಿಸುತ್ತಿದ್ದರು. "ಬಾಯಾರು ಬಳಿ ತೊಡಸಾಕ ಅಳತಿ ತಗೋತಾರ" ಎಂದು ಊರವರು ನಗುತ್ತಿದ್ದರು.

ಹುಡುಗನ ನೆತ್ತಿ ಸೀಳಿ ಮುಖವೆಲ್ಲ ರಕ್ತವಾಗಿತ್ತು. ಅವನ ಚೀರಾಟಕ್ಕೆ ಎಲ್ಲರೂ ಅವನನ್ನೇ ಮುತ್ತಿದರು. ಏಳು ವರ್ಷದ ತಂಗಿಯ ಮೈಮೇಲೆ ಗಾಯವಿರಲಿಲ್ಲ. ಅವಳು ಅಜ್ಜಿಯ ತೊಡೆಗೆ ಒರಗಿ ನೀರು ಕೇಳುತ್ತಿದ್ದಳು.

"ಇಕಿ ಭಾಳ ಶಾಣ್ಯಾಕಿರಿ. ಗಾಡಿ ಹೊಟ್ಟಿ ಮ್ಯಾಲ ಬಿದ್ರೂ ಅಳಲಿಲ್ಲ" ಎಂದಳು ಅಜ್ಜಿ.

ನರ್ಸಬಾಯಿ ಹುಡುಗಿಯ ಉಗುರು ಒತ್ತಿದರು. ಎರಡು ಎಣಿಸುವುದರೊಳಗೆ ಕೆಂಪಾಗಬೇಕಿತ್ತು; ನಾಲ್ಕು ಎಣಿಸಿದರು. ಕೈ ತಣ್ಣಗಿತ್ತು, ನಾಡಿ ಓಡುತ್ತಿತ್ತು.

"ಸಾಹೇಬ್ರ, ಮೊದಲ ಇಕಿನ್ನ ನೋಡ್ರಿ. ಹೊಟ್ಟಿ ಒಳಗ ರಕ್ತ ಸೋರಾಕತ್ತೈತಿ."

ಹುಡುಗನಿಗೆ ಹೊಲಿಗೆ ಹಾಕಲು ಸಿದ್ಧರಾಗುತ್ತಿದ್ದ ವೈದ್ಯರು ಎದ್ದು ಬಂದು, ಹುಡುಗಿಯ ಬಿ.ಪಿ. ನೋಡಿ ಹೇಳಿದರು: "ಬಿ.ಪಿ. ಸರಿ ಐತಿ. ಡಾಕ್ಟರ್ ನಾನೋ, ನೀನೋ?"

"ನೀವ ರೀ. ಆದ್ರ ಕೂಸಿನ ಬಿ.ಪಿ. ಎಲ್ಲಾಕಿಂತ ಕಡೀಕ ಬೀಳ್ತೈತಿ. ಅದು ಬಿದ್ದ ಮ್ಯಾಲ ಹೊತ್ತು ಸಿಗೂದಿಲ್ರಿ."

ವೈದ್ಯರು ಹೊಲಿಗೆಗೆ ಮರಳಿದರು. ಅಜ್ಜಿ ನೀರಿನ ತಂಬಿಗೆ ಎತ್ತಿದಳು. ನರ್ಸಬಾಯಿ ಅದನ್ನು ಕಸಿದು, ಒದ್ದೆ ಬಟ್ಟೆಯಿಂದ ಹುಡುಗಿಯ ತುಟಿಯನ್ನಷ್ಟೇ ಒರೆಸಿದರು.

"ಹನಿ ನೀರ ಕೊಡಾಕ ಬಿಡವಲ್ಲಿ. ನಿನ್ನ ಎದಿ ಏನ ಕಲ್ಲೇನವಾ?"

"ಆಪರೇಷನ್ ಆಗೂದೈತಿ ಆಯೀ, ಹೊಟ್ಟಿ ಬರಿದ ಇರಬೇಕು. ಆಮ್ಯಾಲ ಬೇಕಾದಷ್ಟು ಬೈ."

ಮತ್ತೆ ಉಗುರು ಒತ್ತಿದರು. ಈ ಸಲ ಎಣಿಕೆ ಆರಕ್ಕೆ ಹೋಯಿತು. ಹುಡುಗಿ ನೀರು ಕೇಳುವುದನ್ನೂ ನಿಲ್ಲಿಸಿದ್ದಳು. ನರ್ಸಬಾಯಿ ಅವಳನ್ನು ಎತ್ತಿಕೊಂಡು ಹೋಗಿ ದವಾಖಾನೆಯ ಜೀಪಿನಲ್ಲಿ ಮಲಗಿಸಿದರು. ಕಾಲುಗಳನ್ನು ಎತ್ತರಿಸಿ, ಕಂಬಳಿ ಹೊದಿಸಿ, ಡ್ರೈವರನಿಗೆ "ಬಿಜಾಪುರಕ್ಕ ನಡೀರಿ. ಕೇಳಿದ್ರ ನನ್ನ ಹೆಸರ ಹೇಳ್ರಿ" ಎಂದರು. ವೈದ್ಯರ ಅಪ್ಪಣೆ ಕೇಳದೆ ತಾವೂ ಹತ್ತಿದರು.

ಹುಡುಗಿಯ ಹೊಟ್ಟೆಯೊಳಗೆ ಗುಲ್ಮ, ಅಂದರೆ ಸ್ಪ್ಲೀನ್, ಒಡೆದಿತ್ತು. ಶಸ್ತ್ರಚಿಕಿತ್ಸೆಯಾಯಿತು. ಬದುಕಿದಳು.

ವಾಡಿಕೆಯಂತೆ ನಾನು ವೈದ್ಯರ ಹೇಳಿಕೆ ಪಡೆದು ಸುದ್ದಿ ಕಳಿಸಿದೆ. "ವೈದ್ಯರ ಸಮಯಪ್ರಜ್ಞೆ: ಬಾಲಕಿ ಪಾರು" ಎಂದು ಅಚ್ಚಾಯಿತು. ಅದೇ ವಾರ, ಅಪ್ಪಣೆಯಿಲ್ಲದೆ ಜೀಪು ಒಯ್ದದ್ದಕ್ಕೆ ನರ್ಸಬಾಯಿಗೆ ಮೆಮೊ ಬಂತು.

ಅವರು ಪತ್ರಿಕೆಯನ್ನು ಪೂರ್ತಿ ಓದಿ ನನಗೆ ಮರಳಿಸಿದರು. "ನನ್ನ ಹೆಸರ ಇಲ್ಲಂದ್ರ ಇರ್ಲಿ ಬಿಡ್ರಿ. ಅಳದ ಕೂಸಿನ್ನ ಮೊದಲ ನೋಡ್ರಿ ಅಂತ ಒಂದ ಸಾಲರ ಬರೀಬೇಕಿತ್ತು. ನಾಳೆ ಇಂಥಾದ ಇನ್ನೊಂದ ಬಂದ್ರ?"

ನಾನು ತಿದ್ದುಪಡಿ ಬರೆದು ಕಳಿಸಿದೆ. ವೈದ್ಯರು ಒಪ್ಪದೆ ಹಾಕಲಾಗದು ಎಂದರು ಸಂಪಾದಕರು. ವೈದ್ಯರು ಒಪ್ಪಲಿಲ್ಲ. ಇನ್ನೊಮ್ಮೆ ಕಳಿಸಿದೆ. ಅದೂ ಅಚ್ಚಾಗಲಿಲ್ಲ.

ನರ್ಸಬಾಯಿಯನ್ನು ಮುದ್ದೇಬಿಹಾಳದ ಕಡೆಗೆ ವರ್ಗ ಮಾಡಿದರು. ನಿವೃತ್ತರಾಗಿ ಅಲ್ಲಿಯೇ ತೀರಿಕೊಂಡರು. ಮೆಮೊ ರದ್ದಾಗಲಿಲ್ಲ.