ಮಾಲಕರಿಲ್ಲದ ನಾಯಿ

ಪುಣೆಯ ಕೋಥರೂಡದಲ್ಲಿ, ಎಸ್‌ಟಿಡಿ ಬೂತಿನ ಪಕ್ಕದ ಪ್ರಾಣಿವೈದ್ಯರ ದವಾಖಾನೆ. ಅಕ್ಕನ ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಯಾದಗಿರಿ ಕಡೆಯ ಕಟ್ಟಡ ಕೂಲಿಯವಳೊಬ್ಬಳು ಕಾಲು ಮುರಿದ ನಾಯಿಯನ್ನು ಸಿಮೆಂಟು ಚೀಲದಲ್ಲಿ ಸುತ್ತಿ ತಂದಳು. ಮರಾಠಿ ಡಾಕ್ಟರಿಗೂ ಅವಳಿಗೂ ನಾನೇ ದುಭಾಷಿಯಾದೆ.

“ನಾಯಿ ಮಾಲಕರು ಯಾರು ಅಂತ ಕೇಳತಾರ,” ಎಂದೆ.

“ಮಾಲಕರು ನಮಗ ಅದಾರ್ರಿ, ಇದಕ್ಕ ಯಾರೂ ಇಲ್ರಿ. ನಮ್ ಕೂಡ ಉಣ್ತದ, ಕೆಲಸಕ್ಕ ಹೋದ್ರ ಹಿಂದ ಬರ್ತದ.”

ಚೀಟಿಯಲ್ಲಿ ಮಾಲಕರ ಹೆಸರಿನ ಜಾಗ ಖಾಲಿ ಬಿಟ್ಟು, ಕಾಲಿಗೆ ಪಟ್ಟಿ ಸುತ್ತುತ್ತ ಡಾಕ್ಟರು ತಾವು ಹೋಗಿಬಂದ ವಿದೇಶದ ಸಭೆಯ ಮಾತು ತೆಗೆದರು. ಮನೆಯವರೆಲ್ಲ ಕೆಲಸಕ್ಕೆ ಹೋಗಿ ನಾಯಿ ದಿನವಿಡೀ ಒಂಟಿಯಾಗಿರುವುದೇ ಅಲ್ಲಿನ ಪ್ರಾಣಿವೈದ್ಯರ ದೊಡ್ಡ ಚಿಂತೆಯಂತೆ. ಅದನ್ನೂ ಕನ್ನಡದಲ್ಲಿ ಹೇಳಿದೆ.

ಆಕೆ ನಾಯಿಯ ತಲೆ ಸವರುತ್ತ ಲೊಚಗುಟ್ಟಿದಳು. “ಅಯ್ಯ ಪಾಪ! ಕೆಲಸಕ್ಕ ಸಂಗಟ ಕರ್ಕೊಂಡ್ ಹೋಗಬಾರ್ದೇನ್ರಿ?”