ಮೈಸೂರಿಗೆ ಎಕ್ಸ್‌ರೇ ತೆಗೆಸಲು ಹೋದ ದೇವಮಾತೆ

ಆಗಸ್ಟ್ ತಿಂಗಳ ಒಂದು ಗುರುವಾರ ಬೆಳಿಗ್ಗೆ ಹೊಳೆನರಸೀಪುರದ ಸ್ಟೇಷನ್ನಿನಲ್ಲಿ ನಾವು ಮೂವರು ಮೈಸೂರಿನ ರೈಲು ಹತ್ತಿದೆವು. ನಾನು, ಬಡಗಿ ಪುಟ್ಟಾಚಾರ್ರು, ಮತ್ತು ಎರಡು ಕಂಬಳಿಯಲ್ಲಿ ಸುತ್ತಿಕೊಂಡಿದ್ದ ನಮ್ಮೂರ ದೇವಮಾತೆ. ಎರಡೂವರೆ ಅಡಿ ಎತ್ತರದ ಮರದ ಮೂರ್ತಿ ಅದು, ನಮ್ಮ ಮಾತಿನಲ್ಲಿ ಸ್ವರೂಪ. ನಾಲ್ಕು ತಲೆಮಾರಿನಿಂದ ನಮ್ಮ ಚರ್ಚಿನಲ್ಲಿ ನಿಂತವಳು. ಆ ವರ್ಷದ ಬೇಸಿಗೆಯಲ್ಲಿ ಅವಳ ಪಾದದ ಬಳಿ ಹಿಟ್ಟಿನಂಥ ಪುಡಿ ಉದುರತೊಡಗಿತ್ತು. ಹುಳ ಬಿದ್ದಿತ್ತು.

ಊರಿನ ಕಂಟ್ರಾಕ್ಟರ್ ಅಂತೋಣಪ್ಪನವರು ಬೊಂಬಾಯಿಯಿಂದ ಹೊಸ ಸ್ವರೂಪ ತರಿಸಿಕೊಡುತ್ತೇನೆಂದು ಮುಂದೆ ಬಂದರು. ಹೊಸದು ಬಂದರೆ ಪದ್ಧತಿಯಂತೆ ಹಳೆಯದನ್ನು ಮಣ್ಣು ಮಾಡಬೇಕು. ಪುಟ್ಟಾಚಾರ್ರು ಮಾತ್ರ ಬೆರಳಿನಿಂದ ಮೆಲ್ಲಗೆ ತಟ್ಟಿ, ಕಿವಿಗೊಟ್ಟು, "ಒಳಗೆ ಗಟ್ಟಿ ಅವ್ಳೆ" ಅಂದರು. "ಒಳಗೆ ಹೋಗಿ ನೋಡ್ಕೊಂಡು ಬಂದ್ರಾ?" ಎಂದು ಅಂತೋಣಪ್ಪನವರು ನಕ್ಕರು. ಆ ಮಾತಿಗೇ ನನಗೆ ಚಿಕ್ಕಮ್ಮನ ಮಗ ಲೂರ್ದಪ್ಪನ ನೆನಪಾಯಿತು. ಅವನಿಗೆ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಕಾಗದ ಬರೆದೆ. "ಡಾಕ್ಟರನ್ನು ಕೇಳಿದ್ದೇನೆ, ಕರೆದುಕೊಂಡು ಬಾ" ಎಂದು ಮರುಟಪಾಲಿಗೆ ಉತ್ತರ ಬಂತು. ಚರ್ಚಿನ ಸ್ವಾಮಿಗಳೂ ಒಪ್ಪಿದರು. ಊರಿನ ಶಾಲೆಯಲ್ಲಿ ಮೇಡಂ ಆದ ನನಗೆ ಎರಡು ದಿನದ ರಜೆ ಸಿಕ್ಕಿತು. ಸೆಪ್ಟೆಂಬರಿನ ಮಾತೆಯ ಹಬ್ಬಕ್ಕೆ ಮೂರು ವಾರ ಉಳಿದಿತ್ತು.

ಥರ್ಡ್ ಕ್ಲಾಸಿನಲ್ಲಿ ಕಿಟಕಿ ಪಕ್ಕದ ಜಾಗ ಸಿಕ್ಕಿತು. ಹೊರಗೆ ತುಂತುರು ಮಳೆ. ಕೃಷ್ಣರಾಜನಗರದಲ್ಲಿ ಹತ್ತಿದ ಒಬ್ಬ ಅಜ್ಜಿ ನನ್ನ ಮಡಿಲ ಮೇಲಿನ ಕಂಬಳಿಯನ್ನೇ ನೋಡುತ್ತಾ, "ಮಗೀಗೆ ಏನಾಗದೆ ತಾಯಿ?" ಎಂದು ಕೇಳಿದರು.

"ಮಗು ಅಲ್ಲ ಅಜ್ಜಿ, ದೇವಮಾತೆ. ಆಸ್ಪತ್ರೆಗೆ ತೋರಿಸೋಕೆ ಕರ್ಕೊಂಡು ಹೋಗ್ತಿದೀವಿ" ಅಂದೆ.

"ಅಯ್ಯೋ! ಎಲ್ಲಾರ್ಗೂ ವಾಸಿ ಮಾಡೋಳು, ಅವ್ಳಿಗೇ ಉಸಾರಿಲ್ವಾ?" ಎನ್ನುತ್ತಾ ಅಜ್ಜಿ ತಮ್ಮ ಬುಟ್ಟಿಯಿಂದ ಎರಡು ಬಾಳೆಹಣ್ಣು ತೆಗೆದು ಕಂಬಳಿಯ ಮಡಿಕೆಯಲ್ಲಿಟ್ಟರು. ಸಾಗರಕಟ್ಟೆಯಲ್ಲಿ ಸೇತುವೆ ದಾಟುವಾಗ ಎರಡೂ ಕಡೆ ಕನ್ನಂಬಾಡಿಯ ಹಿನ್ನೀರು ತುಂಬಿ ನಿಂತಿತ್ತು. ಪುಟ್ಟಾಚಾರ್ರು ನೀರಿಗೆ ಕೈಮುಗಿದು, ಅದೇ ಕೈಯಿಂದ ಒಂದು ಬಾಳೆಹಣ್ಣು ಸುಲಿದು ತಿಂದರು.

ಮೈಸೂರಿಗೆ ಬಂದಾಗ ಹನ್ನೊಂದು ದಾಟಿತ್ತು. ಸ್ಟೇಷನ್ನಿನ ಹತ್ತಿರದ ಹೋಟೆಲಿನಲ್ಲಿ ಬಿಸಿಬಿಸಿ ಇಡ್ಲಿ ತಿಂದು ಜಟಕಾ ಹಿಡಿದೆವು. ಮೋಡ ಸರಿದು ಚಾಮುಂಡಿ ಬೆಟ್ಟ ತೊಳೆದಿಟ್ಟಂತೆ ಕಾಣುತ್ತಿತ್ತು. "ಕೆಲ್ಸ ಕೈಗೂಡ್ಲಿ, ನಾಳೆ ಬೆಳಿಗ್ಗೆ ಬೆಟ್ಟ ಹತ್ತೇ ಬರ್ತೀನಿ" ಎಂದು ಪುಟ್ಟಾಚಾರ್ರು ಹರಕೆ ಹೊತ್ತರು.

ಆಸ್ಪತ್ರೆಯಲ್ಲಿ ರೋಗಿಗಳು ಮುಗಿಯುವವರೆಗೆ ಬೆಂಚಿನ ಮೇಲೆ ಕಾದೆವು. ಮೂರು ಗಂಟೆಗೆ ಲೂರ್ದಪ್ಪ ಒಳಗೆ ಕರೆದ. "ಅಕ್ಕ, ಡಾಕ್ಟ್ರು ಮೂರು ಫಿಲಂ ಕೊಟ್ಟಿದಾರೆ. ಮೂಳೆ ಆದ್ರೆ ನಂಗೆ ಅಳತೆ ಗೊತ್ತು. ಮರಕ್ಕೆ ಎಷ್ಟು ಹೊತ್ತು ಕಿರಣ ಬಿಡ್ಬೇಕೋ ದೇವರಿಗೇ ಗೊತ್ತು ಕಣಕ್ಕ" ಅಂದ. ಮಾತೆಯನ್ನು ಮೇಜಿನ ಮೇಲೆ ಮಲಗಿಸಿದೆವು. ಹುಟ್ಟಿದಾಗಿನಿಂದ ಅವಳು ನಿಂತದ್ದನ್ನೇ ನೋಡಿದ್ದ ನಾನು ತಲೆಯ ಕೆಳಗೆ ಕಂಬಳಿ ಮಡಿಸಿಟ್ಟೆ. ನಮ್ಮಮ್ಮ ಪ್ರತಿ ಶನಿವಾರ ಅವಳಿಗೆ ಹೂ ಮುಡಿಸುತ್ತಿದ್ದರು. ಅಮ್ಮ ಹೋದ ಮೇಲೆ ಆ ಕೆಲಸ ನನ್ನದಾಗಿತ್ತು.

ಲೂರ್ದಪ್ಪ ನಮ್ಮನ್ನು ಗೋಡೆಯ ಆಚೆಗೆ ಕಳಿಸಿ, ಅಭ್ಯಾಸಬಲದಿಂದ "ಉಸಿರು ಬಿಗಿ ಹಿಡ್ಕೊಳ್ಳಿ" ಎಂದು ಮಾತೆಗೆ ಕೂಗಿದ. ಉಸಿರು ಹಿಡಿದದ್ದು ನಾವಿಬ್ಬರು.

ಮೊದಲ ಫಿಲಂ ತೊಳೆದು ನೋಡಿದರೆ ಬರೀ ಕಪ್ಪು. ಕಿರಣ ಹೆಚ್ಚಾಗಿತ್ತು. ಎರಡನೆಯದರಲ್ಲಿ ಮಸುಕಾಗಿ ಒಂದಷ್ಟು ಮೊಳೆ ಕಂಡವು, ಅಷ್ಟೇ. ಉಳಿದದ್ದು ಒಂದು. ಲೂರ್ದಪ್ಪ ಹಣೆ ಒರೆಸಿಕೊಂಡು, "ಇವ್ಳು ದೊಡ್ಡೋಳಲ್ಲ, ಎಳೇ ಮಗು ಅಂದ್ಕೊಂಡು ತೆಗೀತೀನಿ" ಎಂದು ಕಿರಣವನ್ನು ಇನ್ನೂ ಇಳಿಸಿದ.

ಮೂರನೆಯ ಫಿಲಮ್ಮನ್ನು ಒದ್ದೆಯಾಗಿದ್ದಾಗಲೇ ದೀಪದ ಪೆಟ್ಟಿಗೆಗೆ ಹಿಡಿದ. ಮರದ ಎಳೆಗಳು ಬಾಚಿದ ಕೂದಲಿನಂತೆ ತಲೆಯಿಂದ ಪಾದದವರೆಗೆ ನೇರವಾಗಿ ಇಳಿದಿದ್ದವು. ಹುಳ ಕೊರೆದ ಕಪ್ಪು ದಾರಿಗಳೆಲ್ಲ ಪೀಠದಲ್ಲೇ ಸುತ್ತಿ, ಪಾದದ ಹತ್ತಿರ ನಿಂತುಬಿಟ್ಟಿದ್ದವು. ಪುಟ್ಟಾಚಾರ್ರು ಮೂಗು ತಾಗುವಷ್ಟು ಹತ್ತಿರ ಬಾಗಿ, "ಪೀಠ ಬೇರೆ ಮರ ಕಣಮ್ಮ. ಆಮೇಲೆ ಯಾರೋ ಜೋಡ್ಸವ್ರೆ. ಅದನ್ನ ತೆಗ್ದು ಬುಟ್ರೆ ಮುಗೀತು!" ಎಂದು ಮಗುವಿನಂತೆ ಕುಣಿದರು.

ಆಗ ಲೂರ್ದಪ್ಪ, "ಅಕ್ಕ, ಇದೇನಿದು?" ಎಂದು ಬೆರಳಿಟ್ಟು ತೋರಿಸಿದ. ನಾವು ಸದಾ ನೋಡುತ್ತಿದ್ದ ನೀಲಿ ನಿಲುವಂಗಿಯ ಜಾಗದಲ್ಲಿ ಬೆಳ್ಳಗೆ ಚಿಕ್ಕಚಿಕ್ಕ ಮೊಗ್ಗಿನ ಸಾಲು. ಎಡಭುಜದ ಮೇಲಿಂದ ಓರೆಯಾಗಿ ಒಂದು ಅಂಚು ಇಳಿದಿತ್ತು. ಪುಟ್ಟಾಚಾರ್ರೇ ಬಿಡಿಸಿ ಹೇಳಿದರು. ಹಿಂದಿನವರು ಸೀಸದ ಬಿಳಿ ಬಣ್ಣದಿಂದ ಹೂ ಬರೆಯುತ್ತಿದ್ದರಂತೆ. ನಡುವೆ ಯಾರೋ ಅದರ ಮೇಲೆ ನೀಲಿ ಬಳಿದಿದ್ದರು. ಕಿರಣ ನೀಲಿಯನ್ನು ದಾಟಿ ಹೋಗಿ, ಸೀಸಕ್ಕೆ ಬಂದು ನಿಂತಿತ್ತು. "ಇದು ಸೆರಗು ಕಣ್ರಮ್ಮ. ಮಾತಾಯಿ ಸೀರೆ ಉಟ್ಟವ್ಳೆ. ನಮ್ ಕಡೆಯೋರೇ ಯಾರೋ ಕೆತ್ತಿರೋದು!" ಅಂದರು ಆಚಾರ್ರು.

ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಡಾಕ್ಟರು ಬಂದರು, ನರ್ಸುಗಳು ಬಂದರು. ಆ ಪುಟ್ಟ ಕೋಣೆಯಲ್ಲಿ ಜಾತ್ರೆಯೇ ನೆರೆಯಿತು. ರಿಜಿಸ್ಟರಿನಲ್ಲಿ ಕಾಯಿಲೆಯ ಹೆಸರು ಬರೆಯುವ ಕಡೆ ಏನು ಬರೆಯಲಿ ಎಂದು ಲೂರ್ದಪ್ಪ ಕೇಳಿದ. ಡಾಕ್ಟರು, "ಪಾದದಲ್ಲಿ ಹುಳ. ಉಳಿದಂತೆ ಆರೋಗ್ಯ ಅಂತ ಬರೀರಿ" ಅಂದರು.

ಆ ರಾತ್ರಿ ಲೂರ್ದಪ್ಪನ ಮನೆಯಲ್ಲಿ ಉಳಿದೆವು. ಮರುದಿನ ಪುಟ್ಟಾಚಾರ್ರು ನಸುಕಿಗೇ ಬೆಟ್ಟ ಹತ್ತಿ ಬಂದರು. ಮಧ್ಯಾಹ್ನದ ರೈಲಿಗೆ ಹೊರಟು, ಇಳಿದ ಮೇಲೆ ಗಾಡಿ ಹಿಡಿದು ನಮ್ಮೂರು ತಲುಪಿದಾಗ ಇನ್ನೂ ಬೆಳಕಿತ್ತು. ಚರ್ಚಿನ ಅಂಗಳದಲ್ಲಿ ಅರ್ಧ ಊರು ಕಾದಿತ್ತು. ಅಂತೋಣಪ್ಪನವರು ಎಲ್ಲರಿಗಿಂತ ಮುಂದೆ ನಿಂತಿದ್ದರು. "ಹುಳ ಇರೋದು ಪೀಠದಲ್ಲಷ್ಟೇ" ಎಂದು ನಾನು ಫಿಲಮ್ಮನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಇಳಿಬಿಸಿಲಿಗೆ ಎತ್ತಿ ಹಿಡಿದರು. ಬಹಳ ಹೊತ್ತು ನೋಡಿದರು. ಹಿಂದೆ ನಿಂತ ಹೆಂಗಸರು ಹಿಮ್ಮಡಿ ಎತ್ತಿ ಅವರ ಭುಜದ ಮೇಲಿಂದ ಇಣುಕಿದರು. "ಸೆರಗು!" ಎಂದು ಯಾರೋ ಕೂಗಿದರು.

ಅಂತೋಣಪ್ಪನವರು ಫಿಲಂ ಇಳಿಸಿ, ತಲೆಯ ಮೇಲಿನ ಟೋಪಿ ತೆಗೆದರು.

"ಆಚಾರ್ರೇ, ಹಬ್ಬದೊಳಗೆ ಹೊಸ ಪೀಠ ಆಗ್ಬೇಕು. ತೇಗ ಎಷ್ಟು ಬೇಕು, ಹೇಳಿ" ಅಂದರು.