ಉಮೆ ಅರಳುವ ಮೊದಲು

ಮಸಾನೊ ನಮ್ಮ ಬೀದಿಯ ತುದಿಯಲ್ಲಿರುವ ತೋಫು ಅಂಗಡಿಯವಳು. ಈಗ ಅವಳಿಗೆ ಎಪ್ಪತ್ತೊಂದು, ನನಗಿಂತ ಏಳು ವರ್ಷ ಚಿಕ್ಕವಳು. ರಬ್ಬರ್ ಬೂಟು, ಒದ್ದೆ ಏಪ್ರನ್ನು, ತಲೆಗೆ ಬಿಗಿದ ಬಿಳಿ ಬಟ್ಟೆ, ಇಷ್ಟನ್ನು ಬಿಟ್ಟು ಬೇರೆ ಉಡುಪಿನಲ್ಲಿ ಅವಳನ್ನು ನೋಡಿದವರು ಚಿಚಿಬು ಊರಿನಲ್ಲಿ ಕಡಿಮೆ. ನಾನು ಎರಡು ಸಲ ನೋಡಿದ್ದೇನೆ. ಅದನ್ನೇ ಹೇಳಹೊರಟಿದ್ದೇನೆ.

ನಾನು ಕಿಮೋನೊ ಹೊಲಿಯುವವಳು. ಫೆಬ್ರವರಿ ಎಂಟನೇ ತಾರೀಕು ನಾವು ಹೊಲಿಯುವವರು ಯಾರೂ ಹೊಲಿಗೆಗೆ ಕೂರುವುದಿಲ್ಲ. ವರ್ಷವೆಲ್ಲ ಗಟ್ಟಿ ಬಟ್ಟೆಯೊಳಗೆ ನುಗ್ಗಿ ಬಾಗಿದ, ಮುರಿದ ಸೂಜಿಗಳನ್ನು ಬೆಟ್ಟದ ಕೆಳಗಿನ ದೇವಸ್ಥಾನಕ್ಕೆ ಒಯ್ಯುತ್ತೇವೆ. ಅಲ್ಲಿ ಸೋಯಾ ಹಾಲು ಒಡೆದು ಕಟ್ಟಿದ ಮೆತ್ತನೆಯ ತೋಫುವಿನ ಒಂದು ದೊಡ್ಡ ಗಟ್ಟಿಯಲ್ಲಿ ಒಂದೊಂದಾಗಿ ಚುಚ್ಚುತ್ತೇವೆ. ಇಷ್ಟು ದಿನ ಪಟ್ಟ ಪಾಡು ಸಾಕು, ಇನ್ನು ಮೆತ್ತಗೆ ಮಲಗಿಕೊಳ್ಳಿ ಎಂದು ಕೈಮುಗಿಯುತ್ತೇವೆ. ಆ ತೋಫು ತರುವವಳು ಮಸಾನೊ. ನಲವತ್ತು ವರ್ಷದಿಂದ ಅವಳೇ. ಸೈಕಲ್ಲಿನಲ್ಲಿ ತಂದು ಇಳಿಸಿ, ನಾವು ಕೈಮುಗಿಯುವುದರೊಳಗೆ ಹೊರಟೂಬಿಟ್ಟಿರುತ್ತಾಳೆ.

ಈ ಸಲ ಜನವರಿ ಹನ್ನೊಂದಕ್ಕೆ, ಹೊಸ ವರ್ಷಕ್ಕೆ ಇಟ್ಟಿದ್ದ ಅಕ್ಕಿ ಕಡುಬನ್ನು ಒಡೆದು ಕೆಂಪು ಅವರೆಯ ಸಿಹಿ ಗಂಜಿಗೆ ಹಾಕುತ್ತಿದ್ದೆ. ಮಸಾನೊ ಬಂದಳು. ಕೈಯಲ್ಲಿ ಹಳದಿಯಾದ ಕಾಗದದ ಪೊಟ್ಟಣ.

"ಅಕ್ಕಾ, ಇದನ್ನ ನನ್ನ ಅಳತೆಗೆ ಮಾಡ್ಕೊಡಿ. ಸೂಜಿ ದಿನಕ್ಕೆ ಉಡಬೇಕು."

"ಯಾವ ವರ್ಷದ ಸೂಜಿ ದಿನಕ್ಕೆ?"

"ಈ ವರ್ಷದ್ದಕ್ಕೇ."

"ಇಪ್ಪತ್ತೆಂಟು ದಿನ ಇದೆ. ನನಗೆ ಎಪ್ಪತ್ತೆಂಟು ವರ್ಷ ಕಣೇ. ಒಂಬತ್ತರಿಂದ ಮೂರರ ತನಕ ಕಿಟಕಿ ಬೆಳಕಿರುತ್ತಲ್ಲ, ಅಷ್ಟು ಹೊತ್ತು ಮಾತ್ರ ನನ್ನ ಕಣ್ಣು ನನ್ನ ಮಾತು ಕೇಳೋದು."

"ಅದಕ್ಕೇ ಇವತ್ತೇ ತಂದಿದ್ದು," ಎಂದಳು.

ಪೊಟ್ಟಣ ಬಿಚ್ಚಿದೆ. ನಮ್ಮೂರಿನದೇ ರೇಷ್ಮೆ. ಬೂದುನೀಲಿ ಮೈ, ಮೇಲೆಲ್ಲ ಬಿಳಿ ಉಮೆ ಹೂವು. ನೋಡಿದ ಕೂಡಲೇ ಗುರುತು ಸಿಕ್ಕಿತು. ಕಿವಿ ಬಿಸಿಯಾಯಿತು.

ಅದು ಮೂವತ್ತಾರು ವರ್ಷದ ಹಿಂದಿನ ಮಾತು. ಏಪ್ರಿಲ್ ತಿಂಗಳು, ಮಸಾನೊಳ ಮಗಳು ಒಂದನೇ ತರಗತಿಗೆ ಸೇರಿದ ದಿನ. ಶಾಲೆಯ ಬಾಗಿಲಲ್ಲಿ ಸಕುರ ಹೂವು ಆಗಲೇ ಉದುರುತ್ತಿತ್ತು. ತಾಯಂದಿರೆಲ್ಲ ಒಳ್ಳೊಳ್ಳೆಯ ಕಿಮೋನೊ ಉಟ್ಟು ನಿಂತಿದ್ದರು. ಮಸಾನೊಳ ಹತ್ತಿರ ಇದ್ದದ್ದು ಒಂದೇ, ಅವಳ ತಾಯಿ ಉಟ್ಟು ಬಿಟ್ಟದ್ದು. ಅದನ್ನೇ ಉಟ್ಟು ಬಂದಳು. ಉಮೆ ಚಳಿಯಲ್ಲಿ ಎಲ್ಲಕ್ಕಿಂತ ಮೊದಲು ಬಿಡುವ ಹೂವು. ಏಪ್ರಿಲ್ ಹೊತ್ತಿಗೆ ಉದುರಿ ಕಾಯಿ ಕಟ್ಟಿರುತ್ತದೆ. ಹೂವಿನ ಬಟ್ಟೆ ಉಡುವವರು ಮರಕ್ಕಿಂತ ಒಂದು ಹೆಜ್ಜೆ ಮುಂದಿರಬೇಕು. ಮರದಲ್ಲಿ ಅರಳಿದ ಮೇಲೆ ಉಟ್ಟರೆ ಮರದ ಜೊತೆ ಪೈಪೋಟಿಗೆ ನಿಂತ ಹಾಗೆ. ಉದುರಿದ ಮೇಲೆ ಉಟ್ಟರಂತೂ ಕೇಳುವುದೇ ಬೇಡ.

ಬಟ್ಟೆ ಅಂಗಡಿಯ ಇಕುಯೊ ಅಮ್ಮ ಅಲ್ಲಿದ್ದರು. ಆಗ ಅವರಿಗೆ ಐವತ್ತು. ಊರಲ್ಲಿ ಯಾರು ಯಾವಾಗ ಏನು ಉಡಬೇಕು ಎಂದು ಹೇಳುವವರೇ ಅವರು. ಮಸಾನೊಳನ್ನು ಮೇಲಿಂದ ಕೆಳಗೆ ನೋಡಿ, ಎಲ್ಲರಿಗೂ ಕೇಳುವ ಹಾಗೆ ಅಂದರು:

"ನಿಮ್ಮ ಬೀದೀಲಿ ಉಮೆ ಇನ್ನೂ ಉದುರಿಲ್ವೇನಮ್ಮಾ? ಪಾಪ, ಅಷ್ಟೊಂದು ಚಳೀನಾ ಅಲ್ಲಿ?"

ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಯಾರದೋ ಕಿಮೋನೊ ಸರಿಮಾಡಲು ಅಲ್ಲಿಗೆ ಹೋಗಿದ್ದೆ. ಬಾಯಲ್ಲಿ ಕಚ್ಚಿದ್ದ ದಾರ ಬಿದ್ದುಹೋಗುವಷ್ಟು ನಕ್ಕೆ. ಮಸಾನೊ ಬಗ್ಗಿ ನಮಸ್ಕಾರ ಮಾಡಿ, ಮಗಳ ಕೈ ಹಿಡಿದು ಒಳಗೆ ಹೋದಳು. ಆಮೇಲೆ ಅವಳು ಕಿಮೋನೊ ಉಟ್ಟದ್ದಿಲ್ಲ.

"ಉಮೆ ಅರಳೋಕೆ ಮುಂಚೆ ಒಂದೇ ಒಂದು ದಿನ ಇದನ್ನ ಉಟ್ಟು ಊರೊಳಗೆ ನಡೀಬೇಕು ಅಕ್ಕಾ," ಅಂದಳು ಈಗ. "ಪ್ರತಿ ವರ್ಷ ಅಂದ್ಕೋತೀನಿ. ಉಮೆಗೆ ಮುಂಚೆ ಅಂದ್ರೆ ಕೊರೆಯೋ ಚಳಿ. ಎಲ್ಲರ ಮನೆ ಒಲೆ ಮೇಲೂ ತೋಫು. ಬಿಡುವು ಅಂತ ಸಿಗೋ ಹೊತ್ತಿಗೆ ಹೂವು ಬಿಟ್ಟಿರುತ್ತೆ."

"ಈ ಸಲ ಮಾತ್ರ ಬಿಡುವು ಎಲ್ಲಿಂದ ಬಂತು?"

"ಬರಲಿಲ್ಲ. ತಗೊಂಡೆ. ಎಂಟನೇ ತಾರೀಕು ಬೆಳಗ್ಗೆ ಅಂಗಡಿ ನೀವು ನೋಡ್ಕೊಳ್ಳಿ ಅಂತ ನಮ್ಮನೆಯವರಿಗೆ ಹೇಳಿದೀನಿ. 'ಯಾರ ಮದುವೆ?' ಅಂದ್ರು. 'ಸೂಜಿಗಳದ್ದು' ಅಂದೆ."

ಬಟ್ಟೆ ಹರಡಿ ನೋಡಿದೆ. ಮೈ ಮಾಸಿ ಬಣ್ಣ ಹೋಗಿತ್ತು. ಒಳಗಿನ ಕೆಂಪು ಅಸ್ತರು ಮುಟ್ಟಿದರೆ ಹರಿಯುತ್ತಿತ್ತು. ಅವಳ ತಾಯಿ ಗುಬ್ಬಿಯಷ್ಟು ಹೆಂಗಸು. ಮಸಾನೊಳದ್ದು ತೋಫು ಎತ್ತಿ ಎತ್ತಿ ಉದ್ದವಾದ ಕೈ. ತೋಳು ಎರಡೂವರೆ ಬೆರಳು ಗಿಡ್ಡವಿತ್ತು. ಭುಜದ ಹೊಲಿಗೆಯೊಳಗೆ ಬೆರಳಿಟ್ಟು ನೋಡಿದೆ. ಮಡಿಸಿಟ್ಟ ಬಟ್ಟೆ ಮೂರು ಬೆರಳಿತ್ತು.

"ಆಗುತ್ತೆ," ಎಂದೆ. "ಅಸ್ತರು ಹೊಸದು ಬೇಕು. ಸೊಂಟಕ್ಕೆ ಕಟ್ಟೋಕೆ ಓಬಿ ಇದೆಯಾ?"

"ಇಲ್ಲ. ಕೊಂಡುಕೊಳ್ಳೋಣ. ಇಕುಯೊ ಅಮ್ಮನ ಅಂಗಡೀಲಿ."

"ಸ್ಟೇಷನ್ ಹತ್ತಿರ ಹಳೇ ಕಿಮೋನೊ ಅಂಗಡಿ ಇದೆಯಲ್ಲ, ಅಲ್ಲಿ ಬೇಕಾದಷ್ಟು…"

"ಇಕುಯೊ ಅಮ್ಮನ ಅಂಗಡೀಲಿ," ಅಂದಳು ಮತ್ತೆ.

ಮೂರು ದಿನ ಕೂತು ಹೊಲಿಗೆ ಬಿಚ್ಚಿದೆ. ತುಂಡುಗಳನ್ನೆಲ್ಲ ಉದ್ದಕ್ಕೆ ಸೇರಿಸಿ, ತೊಳೆದು, ಕಡಲಪಾಚಿಯ ಗಂಜಿ ಹಾಕಿ, ಬಿದಿರುಕಡ್ಡಿ ಕೊಟ್ಟು ಹಿತ್ತಲಲ್ಲಿ ಬಿಗಿದು ಒಣಗಿಸಿದೆ. ಮೋಡವಿಲ್ಲದ ಒಣ ದಿನ ಬೇಕಿತ್ತು, ಬೇಕಾದ್ದಕ್ಕಿಂತ ಹೆಚ್ಚೇ ಸಿಕ್ಕಿತು. ಅದೇ ನನಗೆ ಚಿಂತೆಯಾದದ್ದು. ಈ ವರ್ಷ ಹಿಮವೇ ಬೀಳಲಿಲ್ಲ. ಜನವರಿಯ ಬಿಸಿಲು ಮಾರ್ಚಿನ ಬಿಸಿಲಿನಂತಿತ್ತು. ದೇವಸ್ಥಾನದ ಬಾಗಿಲ ಪಕ್ಕದ ಉಮೆ ಮರ ಸಾಮಾನ್ಯವಾಗಿ ಫೆಬ್ರವರಿ ಕೊನೆಗೆ ಅರಳುವುದು. ಮಸಾನೊ ದಿನಾ ಸೈಕಲ್ಲಿನಲ್ಲಿ ಹೋಗುವಾಗ ಅದನ್ನು ನೋಡಿ ಬರುತ್ತಿದ್ದಳು.

"ಎಳ್ಳಿನಷ್ಟಾಗಿದೆ ಮೊಗ್ಗು," ಎಂದಳು ಹದಿನೈದಕ್ಕೆ.

ಇಪ್ಪತ್ತಕ್ಕೆ ನಾವಿಬ್ಬರೂ ಇಕುಯೊ ಅಮ್ಮನ ಅಂಗಡಿಗೆ ಹೋದೆವು. ಅವರಿಗೆ ಎಂಬತ್ತಾರು. ಸೀಮೆಎಣ್ಣೆ ಹೀಟರಿನ ಪಕ್ಕ ಕೂತು, ಕೂತಲ್ಲಿಂದಲೇ ಸೊಸೆಗೆ ಯಾವ ಬೀರುವಿನ ಎಷ್ಟನೇ ಖಾನೆ ಎಂದು ಹೇಳುತ್ತಿದ್ದರು. ಒಳಗೆ ಕಾಲಿಡುವಾಗ ಮಸಾನೊ ಬೂಟು ಬಿಚ್ಚಿದಳು. ಕಾಲುಚೀಲ ತೂತಾಗಿತ್ತು. ಅವಳು ಅದನ್ನು ಮುಚ್ಚಿಕೊಳ್ಳಲಿಲ್ಲ.

ಅಸ್ತರಿಗೆ ಇಕುಯೊ ಅಮ್ಮ ಮಾಸಲು ಕೆನೆಬಣ್ಣದ್ದನ್ನು ಹರಡಿಸಿದರು.

"ಕೆಂಪು ಕೊಡಿ," ಎಂದಳು ಮಸಾನೊ.

"ಕೆಂಪಾ? ಈ ವಯಸ್ಸಿಗಾ?"

"ಅಮ್ಮ ಕೆಂಪೇ ಹಾಕಿದ್ದು. ಒಳಗಿರೋದು ತಾನೆ. ನಡೆಯುವಾಗ ನನ್ನ ಹಿಮ್ಮಡಿಗೆ ಮಾತ್ರ ಕಾಣುತ್ತೆ."

ಇಕುಯೊ ಅಮ್ಮ ನನ್ನ ಕಡೆ ನೋಡಿದರು. ನಾನು ಅಸ್ತರಿನ ಅಂಚು ನೋಡುತ್ತಾ ಕೂತೆ. ಆಮೇಲೆ ಓಬಿ ತರಿಸಿದರು. ಹಸಿರು ಹಕ್ಕಿಗಳಿದ್ದ ಒಳ್ಳೆಯ ಓಬಿ.

"ಉಮೆಗೆ ಉಗುಯಿಸು ಹಕ್ಕಿ ಜೋಡಿ. ಇದನ್ನ ಕಟ್ಟಿದ್ರೆ ಯಾರೂ ತಪ್ಪು ಹುಡುಕೋ ಹಾಗಿಲ್ಲ."

"ಹೂವೇ ಬಿಟ್ಟಿಲ್ಲ ಅಮ್ಮಾ. ಹಕ್ಕಿ ಬಂದು ಎಲ್ಲಿ ಕೂತ್ಕೊಳ್ಳುತ್ತೆ?"

ಇಕುಯೊ ಅಮ್ಮ ಮೊದಲ ಸಲ ಅವಳ ಮುಖವನ್ನು ಸರಿಯಾಗಿ ನೋಡಿದರು. "ಯಾವತ್ತು ಉಡೋದು?"

"ಎಂಟಕ್ಕೆ."

"ಈ ವರ್ಷದ ಬಿಸಿಲು ನೋಡಿದ್ರೆ ಅಷ್ಟರಲ್ಲಿ ಬಿಟ್ಟುಬಿಡುತ್ತೆ."

"ಬಿಡಲ್ಲ."

"ಮರಕ್ಕೆ ಹೇಳಿದೀರಾ?"

"ದಿನಾ ಹೇಳ್ತಿದೀನಿ."

ಸೊಸೆ ನಗು ತಡೆಯಲಾರದೆ ಬೀರುವಿನೊಳಗೆ ತಲೆ ಹಾಕಿದಳು. ಮಸಾನೊ ಕೊನೆಗೆ ಹುರಿದ ಸೋಯಾ ಕಾಳಿನ ಬಣ್ಣದ ಓಬಿ ಆರಿಸಿದಳು. ಹೂವಿಲ್ಲ, ಹಕ್ಕಿಯಿಲ್ಲ. ಒಳ್ಳೆಯ ಆಯ್ಕೆ.

ನಮ್ಮೂರಿನ ಈ ರೇಷ್ಮೆಯಲ್ಲಿ ಒಂದು ಗುಣವಿದೆ. ನೂಲಿಗೇ ಬಣ್ಣ ಹಾಕಿ ನೇಯುವುದರಿಂದ ಒಳಮೈ ಹೊರಮೈ ಎರಡೂ ಒಂದೇ. ಉಮೆ ಆ ಕಡೆಯೂ ಅರಳಿರುತ್ತದೆ. ಹೊರಗೆ ಬಿಸಿಲಿಗೆ ಮಾಸಿದ್ದರೂ ಅಸ್ತರಿನ ಕಡೆ ಇದ್ದ ಮೈ ನಿನ್ನೆ ನೇಯ್ದಂತಿತ್ತು. ಹಾಗಾಗಿ ಎಲ್ಲ ತುಂಡುಗಳನ್ನೂ ಮಗುಚಿ ಹಾಕಿದೆ. ಹಳೆಯ ಹೊಲಿಗೆಯ ಗೆರೆಯೊಂದು ಮಾತ್ರ ಹೋಗದೆ ಉಳಿದಿತ್ತು. ಅದನ್ನು ಓಬಿಯ ಕೆಳಗೆ ಬರುವ ಹಾಗೆ ಕೂಡಿಸಿದೆ. ಬೆನ್ನಿನ ಹೊಲಿಗೆ ಎರಡು ಸಲ ಬಿಚ್ಚಿ ಹಾಕಿದೆ, ಹೂವು ಹೂವಿಗೆ ಕೂರಲಿಲ್ಲ ಎಂದು.

"ಸೋಯಾ ಕಾಳಿನಷ್ಟಾಗಿದೆ," ಎಂದಳು ಮಸಾನೊ ಮೂವತ್ತಕ್ಕೆ. ಬೇಗ ಹೊಲಿಯಿರಿ ಎಂದು ಒಂದು ಸಲವೂ ಹೇಳಲಿಲ್ಲ. ದಿನಾ ಒಂದು ತೋಫು ಇಟ್ಟು ಹೋಗುತ್ತಿದ್ದಳು.

ಫೆಬ್ರವರಿ ಮೂರಕ್ಕೆ ದೆವ್ವ ಓಡಿಸಲು ಮನೆಮನೆಯಲ್ಲೂ ಹುರಿದ ಸೋಯಾ ಎರಚುತ್ತಾರಲ್ಲ, ಆ ಕಾಳನ್ನೂ ಅವಳೇ ಹುರಿದು ಮಾರುವುದು, ಅಂದು ಅವಳಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಆದರೂ ಮಧ್ಯಾಹ್ನ ಬಂದಳು. ಕೂದಲಲ್ಲಿ ಹುರಿದ ಕಾಳಿನ ಸಿಪ್ಪೆ.

"ಮೊಗ್ಗಿನ ತುದಿ ಬಿಳಿಯಾಗಿದೆ ಅಕ್ಕಾ."

"ಅರಳಿಬಿಟ್ಟರೆ ಏನು ಮಾಡ್ತೀಯಾ?"

"ಮುಂದಿನ ವರ್ಷ ಉಡ್ತೀನಿ. ಮುಂದಿನ ವರ್ಷವೂ ಮುಂಚೆ ಅರಳಿದ್ರೆ ಅದರ ಮುಂದಿನ ವರ್ಷ." ಸ್ವಲ್ಪ ನಿಂತು, "ಆದ್ರೆ ಈ ವರ್ಷವೇ ಉಡ್ತೀನಿ," ಎಂದಳು.

ಏಳನೇ ತಾರೀಕು ಮಧ್ಯಾಹ್ನ, ಬೆಳಕು ಹೋಗುವ ಮುಂಚೆ ಕೊನೆಯ ಗಂಟು ಹಾಕಿದೆ. ಅಂಚು ಕೂರಲೆಂದು ಹಾಕಿದ್ದ ಬಿಳಿಯ ಕಚ್ಚಾ ಹೊಲಿಗೆ ಮಾತ್ರ ಉಳಿದಿತ್ತು. ಅದನ್ನು ಉಡುವ ಮುಂಚೆ ಕೀಳುವುದು.

ಎಂಟರಂದು ಬೆಳಗ್ಗೆ ಎಂಟು ಗಂಟೆಗೆ ನಮ್ಮ ಮನೆಯಲ್ಲೇ ಉಡಿಸಿದೆ. ಅವಳ ಕೈ ಒಡೆದು ರೇಷ್ಮೆಗೆ ಸಿಕ್ಕಿಕೊಳ್ಳುತ್ತಿತ್ತು. ಹಾಗಾಗಿ ಏನನ್ನೂ ಮುಟ್ಟಬೇಡ ಎಂದೆ. ಕಚ್ಚಾ ದಾರವನ್ನೂ ನಾನೇ ಕಿತ್ತೆ. ತೋಳು ಮಣಿಕಟ್ಟಿನ ಮೂಳೆಗೆ ಸರಿಯಾಗಿ ಬಂತು. ಅವಳು ಕನ್ನಡಿ ನೋಡಲಿಲ್ಲ. "ಅಮ್ಮನ ವಾಸನೆ ಹೋಗಿದೆ," ಅಂದಳು, "ಗಂಜಿ ವಾಸನೆ ಬರ್ತಿದೆ."

ಹತ್ತು ನಿಮಿಷದ ದಾರಿಗೆ ಇಪ್ಪತ್ತು ನಿಮಿಷ ಆಯಿತು. ತೋಫು ಪೆಟ್ಟಿಗೆಯನ್ನು ಗಂಟು ಕಟ್ಟಿ ಅವಳೇ ಹಿಡಿದಿದ್ದಳು.

"ಬೂಟಿನ ಹೆಜ್ಜೆ ಹಾಕಬೇಡ್ವೇ, ಮುಂಭಾಗ ಬಿಚ್ಚಿಕೊಳ್ಳುತ್ತೆ. ಚಿಕ್ಕ ಹೆಜ್ಜೆ ಇಡು."

"ಇಷ್ಟು ನಿಧಾನ ನಡೆದ್ರೆ ತೋಫು ಹುಳಿ ಬಂದ್ಬಿಡುತ್ತೆ ಅಕ್ಕಾ."

ದೇವಸ್ಥಾನದ ಬಾಗಿಲಲ್ಲಿ ಹತ್ತು ಹನ್ನೆರಡು ಹೆಂಗಸರಿದ್ದರು. ಇಕುಯೊ ಅಮ್ಮ ಕೋಲೂರಿ ನಿಂತಿದ್ದರು. ನಾನು ಮರ ನೋಡಿದೆ. ನನಗೆ ಹತ್ತಿರದ್ದಕ್ಕೆ ಕನ್ನಡಕ ಬೇಕು, ದೂರದ್ದು ಚೆನ್ನಾಗಿ ಕಾಣುತ್ತದೆ. ದಕ್ಷಿಣದ ಕೊಂಬೆಯ ತುದಿಯಲ್ಲಿ ಒಂದು ಹೂವು ಅರಳಿತ್ತು. ಒಂದೇ. ನಾನು ತಕ್ಷಣ ನೆಲ ನೋಡಿದೆ.

"ನಾನೂ ನೋಡಿದೆ," ಎಂದಳು ಮಸಾನೊ ಮೆಲ್ಲಗೆ. ನಡಿಗೆ ನಿಲ್ಲಿಸಲಿಲ್ಲ. ನೆಟ್ಟಗೆ ಇಕುಯೊ ಅಮ್ಮನ ಮುಂದೆ ಹೋಗಿ ಬಗ್ಗಿದಳು.

ಇಕುಯೊ ಅಮ್ಮ ಕೋಲಿನಿಂದ ಕೊಂಬೆ ತೋರಿಸಿದರು. "ಒಂದು ಬಿಟ್ಟುಬಿಟ್ಟಿದೆಯಲ್ಲಮ್ಮಾ."

ಸುತ್ತ ಇದ್ದವರೆಲ್ಲ ಕತ್ತೆತ್ತಿ ಕೊಂಬೆ ನೋಡಿದರು.

"ಬೆಳಗ್ಗೆ ಆರಕ್ಕೆ ಬಂದು ನೋಡಿದ್ದೆ, ಬಿಟ್ಟಿರಲಿಲ್ಲ," ಎಂದಳು ಮಸಾನೊ. "ಎಂಟಕ್ಕೆ ಉಟ್ಟೆ. ನಾನು ದಾರೀಲಿ ಬರ್ತಿದ್ದಾಗ ಇದು ಬಿಟ್ಟಿದೆ. ಮೊದಲು ನಾನು. ಅದು ನನ್ನ ಹಿಂದೆ ಬಂದದ್ದು."

ಇಕುಯೊ ಅಮ್ಮ ಮರ ನೋಡಿದರು, ಅವಳನ್ನು ನೋಡಿದರು. ಆಮೇಲೆ ಅವರ ಕೈ ಮಸಾನೊಳ ಎಡ ತೋಳಿನ ಕಡೆ ಚಾಚಿತು. ತೋಳಿನ ಹಿಂದಿನ ಅಂಚಿನಲ್ಲಿ ಒಂದು ಗೇಣು ಕಚ್ಚಾ ದಾರ ಉಳಿದುಬಿಟ್ಟಿತ್ತು. ಐವತ್ತೆಂಟು ವರ್ಷ ಹೊಲಿದ ನಾನು ನೋಡದೆ ಬಿಟ್ಟ ದಾರ. ಇಕುಯೊ ಅಮ್ಮ ಅದನ್ನು ಎರಡು ಬೆರಳಲ್ಲಿ ಹಿಡಿದು, ಬಟ್ಟೆ ಎಳೆಯದ ಹಾಗೆ ಮೆಲ್ಲಗೆ ಕಿತ್ತರು. ಬೆರಳಿಗೆ ಸುತ್ತಿ ತಮ್ಮ ಕಿಮೋನೊ ತೋಳಿನೊಳಗೆ ಹಾಕಿಕೊಂಡರು, ಯಾರಿಗೂ ಕಾಣದ ಹಾಗೆ.

"ಹೌದು," ಅಂದರು, ಎಲ್ಲರಿಗೂ ಕೇಳುವ ಹಾಗೆ. "ನೀವೇ ಮೊದಲು." ಎರಡು ಹೆಜ್ಜೆ ಹೋಗಿ ತಿರುಗಿದರು. "ಆ ಹಕ್ಕಿ ಓಬಿ ಎತ್ತಿಟ್ಟಿರ್ಲಾ?"

"ನೋಡೋಣ," ಎಂದಳು ಮಸಾನೊ.

ತೋಫುವನ್ನು ದೇವರ ಮುಂದೆ ಇಟ್ಟದ್ದಾಯಿತು. ಈ ಸಲ ಅವಳು ಓಡಿಹೋಗಲಿಲ್ಲ, ನನ್ನ ಪಕ್ಕದಲ್ಲಿ ಸಾಲಿನಲ್ಲಿ ನಿಂತಳು. ಅವಳ ಕಿಮೋನೊ ಹೊಲಿದ ಸೂಜಿಯನ್ನೂ ನಾನು ತಂದಿದ್ದೆ. ಬೆನ್ನಿನ ಹೊಲಿಗೆ ಎರಡು ಸಲ ಹಾಕಿದ್ದಕ್ಕೆ ಸ್ವಲ್ಪ ಬಾಗಿತ್ತು. ಅದು ಕೈಯಲ್ಲಿದ್ದಾಗಲೇ ಹೇಳಿಬಿಟ್ಟೆ.

"ಮಸಾನೊ, ಆವತ್ತು ಶಾಲೆ ಬಾಗಿಲಲ್ಲಿ ನಾನೂ ನಕ್ಕಿದ್ದೆ."

"ಗೊತ್ತು. ನಿಮ್ಮದೇ ಜೋರಾಗಿ ಕೇಳಿಸಿದ್ದು."

"ಮತ್ತೆ ನನ್ನ ಹತ್ತಿರ ಯಾಕೆ ತಂದೆ?"

"ನಕ್ಕವರ ಕೈಯಲ್ಲೇ ಹೊಲಿಸಬೇಕಿತ್ತು ಅಕ್ಕಾ. ಅಸ್ತರು ಅವರ ಹತ್ರ, ಹೊಲಿಗೆ ನಿಮ್ಮ ಹತ್ರ. ಬೇರೆ ಊರಲ್ಲಿ ಹೊಲಿಸಿ ತಂದು ಉಟ್ಟಿದ್ರೆ ನನಗೇನು ಸಮಾಧಾನ?" ತೋಫುವಿನ ಕಡೆ ಗಲ್ಲ ಚಾಚಿದಳು. "ಚುಚ್ಚಿ. ಹಿಂದೆ ಜನ ಕಾಯ್ತಿದಾರೆ. ಇವತ್ತು ಗಟ್ಟಿಯಾಗಿ ಕಟ್ಟಿದೀನಿ, ಸೂಜಿ ವಾಲಲ್ಲ."

ಚುಚ್ಚಿದೆ. ವಾಲಲಿಲ್ಲ.

ಅವಳು ಬಟ್ಟೆ ಬದಲಿಸಲು ಮನೆಯೊಳಗೆ ಹೋಗಲಿಲ್ಲ. ನೇರ ಅಂಗಡಿಗೆ ಹೋಗಿ, ಉಮೆಯ ಮೇಲೆ ಬಿಳಿ ಏಪ್ರನ್ನು ಕಟ್ಟಿಕೊಂಡು ಮಧ್ಯಾಹ್ನದ ತನಕ ತೋಫು ಮಾರಿದಳು. ಅಂದು ಬೂಟು ಮಾತ್ರ ಹಾಕಿಕೊಳ್ಳಲಿಲ್ಲ.